ಒಂದೇ ಎಂಜಿನ್, ಎರಡು ಹೃದಯ: ಆಟಿಕೆ ರೈಲಿನ ಮೋಟಾರ್ ಬದಲಾದ ಕತೆ

1/5
ಫೋಟೋದಲ್ಲಿ ಎಡಕ್ಕಿರೋದು ತಾಮ್ರದ ತಂತಿ ಸುತ್ತಿದ ಕಾಯಿಲ್. ಬಲಕ್ಕಿರೋದು ಹೆಚ್ಚುಕಮ್ಮಿ ಅದೇ ಆಕಾರದ, ತಂತಿಯೇ ಇಲ್ಲದ ಅಯಸ್ಕಾಂತ. ಎರಡೂ ಒಂದೇ ಎಂಜಿನ್ನಿನ ಹೊಟ್ಟೆಯಲ್ಲಿ ಕೂರುತ್ತವೆ. ಆದರೆ ಇವುಗಳ ನಡುವೆ ಅರ್ಧ ಶತಮಾನದ ಇತಿಹಾಸ ಇದೆ. ಸ್ವೈಪ್ ಮಾಡ್ತಾ ಓದಿ.

2/5
ಜರ್ಮನಿಯ ಗೊಪ್ಪಿಂಗೆನ್ ಊರಲ್ಲಿ 1859ರಲ್ಲಿ ಶುರುವಾದ ಮ್ಯಾರ್ಕ್ಲಿನ್ ಕಂಪನಿ ಮೊದಲು ಮಾಡ್ತಿದ್ದದ್ದು ಗೊಂಬೆಮನೆಯ ತಗಡಿನ ಅಡುಗೆ ಪಾತ್ರೆ! ರೈಲು ಬಂದದ್ದು ಆಮೇಲೆ. 1935ರ ಲೈಪ್‌ಜಿಗ್ ಮೇಳದಲ್ಲಿ ಮೇಜಿನ ಮೇಲೆ ಓಡೋ ಪುಟ್ಟ ವಿದ್ಯುತ್ ರೈಲನ್ನು ಅದು ತೋರಿಸಿತು. ಹಳಿಗಳ ಅಂತರ ಬರೀ 16.5 ಮಿ.ಮೀ. ಅದು ಓಡ್ತಿದ್ದದ್ದು ಎಸಿ ಕರೆಂಟಿನಲ್ಲಿ.

ಎಸಿ ಅಂದ್ರೆ ಕರೆಂಟಿನ ದಿಕ್ಕು ಸೆಕೆಂಡಿಗೆ ಹತ್ತಾರು ಸಲ ತಿರುಗುತ್ತೆ. ಆದರೆ ಹೊರಗಿನ ಕಾಯಿಲ್, ಒಳಗೆ ಸುತ್ತೋ ಆರ್ಮೇಚರ್ ಎರಡರಲ್ಲೂ ಒಟ್ಟಿಗೇ ತಿರುಗೋದರಿಂದ ಚಕ್ರ ಒಂದೇ ಕಡೆ ಸುತ್ತುತ್ತೆ. ಹಾಗಾದ್ರೆ ರೈಲು ಹಿಂದೆ ಹೋಗೋದು ಹೇಗೆ? ಕಾಯಿಲ್‌ಗೆ ಎರಡು ಸುತ್ತು ಕೊಟ್ಟರು, ಮುಂದಕ್ಕೊಂದು, ಹಿಂದಕ್ಕೊಂದು. ಮಾಮೂಲಿ ಓಟಕ್ಕೆ 16 ವೋಲ್ಟ್‌ವರೆಗೆ. ಒಂದು ಕ್ಷಣ 24 ವೋಲ್ಟ್ ಕೊಟ್ಟರೆ ಒಳಗಿನ ರಿಲೇ ‘ಟಕ್’ ಅಂತ ಸುತ್ತು ಬದಲಿಸುತ್ತಿತ್ತು. ಅದರ ಸ್ಪ್ರಿಂಗ್ ಸರಿಯಿಲ್ಲದಿದ್ದರೆ ಎಂಜಿನ್ ಕಪ್ಪೆ ಥರ ಮುಂದಕ್ಕೆ ಹಾರೋದು!

3/5
1980ರ ದಶಕದ ನಡುವೆ ಡಿಜಿಟಲ್ ಬಂತು. ಹಳಿಯಲ್ಲಿ ಕರೆಂಟ್ ಸದಾ ಇರುತ್ತೆ, ಪ್ರತಿ ಎಂಜಿನ್ನಿಗೂ ತನ್ನದೇ ವಿಳಾಸ. ಒಳಗಿನ ಡಿಕೋಡರ್ ತನಗೆ ಬಂದ ಆಜ್ಞೆಯನ್ನಷ್ಟೇ ಪಾಲಿಸುತ್ತೆ. ರಿಲೇ ಕೆಲಸ ಅಲ್ಲಿಗೆ ಮುಗೀತು. ಮೊದಲ ಡಿಕೋಡರ್‌ಗಳು ಹಳೇ ಕಾಯಿಲ್ ಮೋಟಾರನ್ನೇ ಓಡಿಸಿದವು. ಆದರೆ ನಿಧಾನ ಓಟದಲ್ಲಿ ಮೂರು ಧ್ರುವದ ಆರ್ಮೇಚರ್ ತಡವರಿಸ್ತಿತ್ತು, ಏರಿನಲ್ಲಿ ವೇಗ ಬೀಳ್ತಿತ್ತು.

4/5
ಹಾಗಿದ್ರೆ ಹೊಸ ಮೋಟಾರನ್ನೇ ಹಾಕಬಹುದಿತ್ತಲ್ವಾ? ಅಷ್ಟು ಸುಲಭ ಇಲ್ಲ. ಈ ಎಂಜಿನ್‌ಗಳಲ್ಲಿ ಮೋಟಾರ್ ಬೇರೆ ಡಬ್ಬಿಯಲ್ಲಿ ಇರಲ್ಲ, ಎಂಜಿನ್ನಿನ ಲೋಹದ ಚೌಕಟ್ಟೇ ಅದರ ಗೋಡೆ. ಅದಕ್ಕೇ ಭಾಗಗಳನ್ನಷ್ಟೇ ಬದಲಿಸೋ ದಾರಿ ಹುಟ್ಟಿತು. ಕಾಯಿಲ್ ಜಾಗಕ್ಕೆ ಕಾಯಂ ಅಯಸ್ಕಾಂತ, ಮೂರು ಧ್ರುವದ ಜಾಗಕ್ಕೆ ಐದು ಧ್ರುವದ ಆರ್ಮೇಚರ್, ಜೊತೆಗೆ ಬ್ರಷ್ ಕೂರೋ ಹೊಸ ಮುಚ್ಚಳ. ಗೋಡೆ ಹಾಗೇ ಬಿಟ್ಟು ಹಳೇ ಮನೆಯ ವೈರಿಂಗ್ ಬದಲಿಸಿದ ಹಾಗೆ.

ಈಗ ಕರೆಂಟ್ ತಿರುಗಿಸಿದರೆ ಸಾಕು, ರೈಲೂ ತಿರುಗುತ್ತೆ. ಇನ್ನೂ ಒಂದು ಲಾಭ ಇದೆ. ಹೊಸ ಡಿಕೋಡರ್ ಕರೆಂಟನ್ನು ಕ್ಷಣಮಾತ್ರ ನಿಲ್ಲಿಸಿ, ಸುತ್ತುತ್ತಿರೋ ಮೋಟಾರೇ ಹುಟ್ಟಿಸೋ ವೋಲ್ಟೇಜ್ ಅಳೆಯುತ್ತೆ. ಏರಿನಲ್ಲಿ ಅದು ಇಳಿದರೆ ಕೂಡಲೇ ಬಲ ಹೆಚ್ಚಿಸುತ್ತೆ. ಒಂದು ಎಚ್ಚರಿಕೆ: ಮೋಟಾರಿನ ಯಾವ ತಂತಿಯೂ ಚೌಕಟ್ಟಿಗೆ ತಾಗಬಾರದು. ತಾಗಿದರೆ ಡಿಕೋಡರ್ ಸುಟ್ಟೇಹೋಗಬಹುದು.

5/5
ಆದ್ರೆ ಏನೋ ಒಂದು ಕಳೆದುಹೋಗುತ್ತೆ. ಆ ‘ಟಕ್’ ಸದ್ದು ಇನ್ನಿಲ್ಲ. ಸಂಗ್ರಹಕಾರರು ಮೂಲ ಕಾಯಿಲ್ ಮುಟ್ಟಲೇಬಾರದು ಅಂತಾರೆ. ಓಡಿಸೋರು, ಕಪಾಟಿನಲ್ಲಿ ಕೂತ ರೈಲು ರೈಲೇ ಅಲ್ಲ ಅಂತಾರೆ. ಇಬ್ಬರ ಮಾತೂ ಸರಿ.

ಇಬ್ಬರಿಗೂ ಒಪ್ಪೋ ದಾರಿ ಆ ಸ್ಕ್ರೂಗಳಲ್ಲೇ ಇದೆ. ಬಿಚ್ಚಿ ಹಾಕಿದ್ದನ್ನ ಮತ್ತೆ ಬಿಚ್ಚಬಹುದು. ಚೌಕಟ್ಟು ಕೊರೆಯಬೇಡಿ. ತೆಗೆದ ಕಾಯಿಲ್, ರಿಲೇ, ಆರ್ಮೇಚರ್ ಒಂದು ಪುಟ್ಟ ಕವರಿಗೆ ಹಾಕಿ, ಎಂಜಿನ್ ನಂಬರ್, ದಿನಾಂಕ ಬರೆದು, ಅದರ ಡಬ್ಬದಲ್ಲೇ ಇಡಿ. ಅಜ್ಜನ ಕಾಲದ ಎಂಜಿನ್ ಮೊಮ್ಮಗಳ ಕೈಯಲ್ಲಿ ಓಡಲಿ. ಮುಂದೊಂದು ದಿನ ಅವಳಿಗೆ ಆ ‘ಟಕ್’ ಕೇಳಬೇಕು ಅನಿಸಿದರೆ, ಅದೂ ಅಲ್ಲೇ ಇರಲಿ.

ನೀವಾಗಿದ್ರೆ ಏನು ಮಾಡ್ತಿದ್ರಿ, ಬದಲಿಸ್ತಿದ್ರಾ, ಹಾಗೇ ಬಿಡ್ತಿದ್ರಾ? ಕಾಮೆಂಟ್‌ನಲ್ಲಿ ಹೇಳಿ.

#ಆಟಿಕೆಇತಿಹಾಸ #ಪುಟ್ಟರೈಲು #ಕನ್ನಡದಲ್ಲಿಇತಿಹಾಸ