ಕೆಂಡದ ಮೇಲಿನ ಜಾಲರಿ

ಅಡಿಗೆಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಉಂಡವರೇ. ಆದುದರಿಂದ ಯಾವ ದೊರೆ ಏನನ್ನು ಸವಿದನೆಂಬುದು ನಮಗೆ ತಿಳಿಯುತ್ತದೆ. ಮರುದಿನ ಬೆಳಿಗ್ಗೆ ಆ ಪಾತ್ರೆಗಳ ಮಸಿಯನ್ನು ಯಾರು ಉಜ್ಜಿದರೆಂಬುದು ತಿಳಿಯುವುದು ಅಪರೂಪ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ಮಾಂಸವನ್ನು ಸುಡುವ ವಿಧಾನಗಳಿವೆ. ಆದರೆ ನಾನು ಇಂದು ಹೇಳಹೊರಟಿರುವುದು ಅಮೆರಿಕ ಖಂಡದಲ್ಲಿ ಬೆಳೆದುಬಂದ ಬಾರ್ಬೆಕ್ಯೂ ಎಂಬ ಪದ್ಧತಿಯ ವಿಷಯ.

ಕೆರಿಬಿಯನ್ ದ್ವೀಪಗಳ ಟೈನೋ ಜನರ ನುಡಿಯಿಂದ ಸ್ಪ್ಯಾನಿಷ್ ಭಾಷೆಗೆ ‘ಬಾರ್ಬಕೋವಾ’ ಎಂಬ ಮಾತು ಬಂದಿತು. ನೆಲದಿಂದ ಎತ್ತರಿಸಿ ಕಟ್ಟಿದ ಕಡ್ಡಿಗಳ ಅಟ್ಟಣೆ ಎಂದು ಅದರ ಅರ್ಥ. ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ 1697ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಗ್ರಂಥದಲ್ಲಿ ಈ ಪದವನ್ನು ಬಳಸಿರುವುದು ರಾತ್ರಿ ಮಲಗುವ ಅಟ್ಟಣೆಗೆ! ಶಬ್ದಗಳ ಹಾದಿ ಇಂಥ ವಿನೋದಗಳಿಂದ ತುಂಬಿದೆಯೆಂಬುದನ್ನು ಭಾಷೆಯನ್ನು ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಡಿಗೆಯ ಅಟ್ಟಣೆಯನ್ನು ಕಣ್ಣಾರೆ ಕಾಣಬೇಕಾದರೆ ಜಾನ್ ವೈಟ್ ಎಂಬ ಚಿತ್ರಕಾರನ ಜಲವರ್ಣ ಚಿತ್ರವೊಂದನ್ನು ನೋಡಬೇಕು. ಇಂದಿನ ಉತ್ತರ ಕೆರೊಲಿನಾದ ಕರಾವಳಿಗೆ 1585ರಲ್ಲಿ ಹೋದ ತಂಡದಲ್ಲಿ ಅವನಿದ್ದನು. ನಾಲ್ಕು ಗೂಟ, ಮೇಲೆ ಅಡ್ಡಕಡ್ಡಿಗಳು, ಅವುಗಳ ಮೇಲೆ ಮೀನು, ಕೆಳಗೆ ಬೆಂಕಿ. ಥಿಯೊಡೋರ್ ದ ಬ್ರೈ 1590ರಲ್ಲಿ ಇದನ್ನೇ ತಾಮ್ರದ ತಗಡಿನಲ್ಲಿ ಕೆತ್ತಿ ಯೂರೋಪಿಗೆಲ್ಲ ಪರಿಚಯಿಸಿದನು. ಕಡ್ಡಿಯ ಜಾಲರಿ ಕರಿದಾದರೆ ಚಿಂತೆಯಿಲ್ಲ. ಅದನ್ನು ಬೆಂಕಿಗೇ ಹಾಕಿ ಹೊಸದನ್ನು ಕಟ್ಟಬಹುದು. ಕಬ್ಬಿಣದ ಜಾಲರಿಯಾದರೋ ನಿನ್ನೆಯ ಊಟದ ಋಣವನ್ನು ಇಂದಿಗೂ ಹೊತ್ತಿರುತ್ತದೆ.

ಮುಂದೆ ಅಮೆರಿಕದ ದಕ್ಷಿಣ ಸೀಮೆಯಲ್ಲಿ ನೆಲದಲ್ಲಿ ಉದ್ದನೆಯ ಕುಳಿ ತೋಡಿ, ಸೌದೆ ಉರಿಸಿ ಕೆಂಡ ಮಾಡಿ, ಇಡೀ ಹಂದಿಯನ್ನು ರಾತ್ರಿಯೆಲ್ಲ ಬೇಯಿಸುವ ಸಂತರ್ಪಣೆಗಳು ನಡೆದವು. ಕುಳಿ ತೋಡಿದವರು, ನಿದ್ದೆಗೆಟ್ಟವರು ಬಹುಪಾಲು ಗುಲಾಮಗಿರಿಗೆ ಸಿಕ್ಕಿದ ಆಫ್ರಿಕ ಮೂಲದ ಜನ. ವೆಸ್ಲಿ ಜೋನ್ಸ್ ಎಂಬ ವೃದ್ಧ, ಹುಟ್ಟಿನಿಂದ ಗುಲಾಮನಾಗಿದ್ದವನು, 1937ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಸರ್ಕಾರದ ಸಂದರ್ಶಕರಿಗೆ ತನ್ನ ಅನುಭವವನ್ನು ಹೇಳಿದ್ದಾನೆ. ಉದ್ದನೆಯ ಕೋಲಿಗೆ ಬಟ್ಟೆ ಸುತ್ತಿ, ವಿನಿಗರ್, ಮೆಣಸು, ಉಪ್ಪು, ಬೆಣ್ಣೆ, ಈರುಳ್ಳಿ, ಬೆಳ್ಳುಳ್ಳಿ ಸೇರಿದ ರಸವನ್ನು ಇರುಳೆಲ್ಲ ಮಾಂಸಕ್ಕೆ ಸವರುತ್ತಿದ್ದನಂತೆ. ಅದು ಬೆಂಕಿಗೆ ತೊಟ್ಟಿಕ್ಕಿದಾಗ ಹೊಗೆಯೇ ಒಗ್ಗರಣೆಯಾಗಿ ಮಾಂಸಕ್ಕೆ ತಗಲುತ್ತದೆಂದು ಅವನು ವಿವರಿಸುತ್ತಾನೆ. ಪಾಕಶಾಸ್ತ್ರದ ಎಷ್ಟೋ ಗ್ರಂಥಗಳಲ್ಲಿ ಕಾಣದ ಸೂಕ್ಷ್ಮ ಇದು. ಯಜಮಾನರ ಹೆಸರಿನಲ್ಲಿ ನಡೆದ ಔತಣಗಳ ಚರಿತ್ರೆಯನ್ನು ನಾನು ಈ ಮುದುಕನ ಮಾತಿನಿಂದಲೇ ಓದಬಯಸುತ್ತೇನೆ.

ಮನೆಯ ಹಿತ್ತಿಲಿಗೆ ಈ ಅಡಿಗೆ ಬಂದದ್ದು ಎರಡನೆಯ ಮಹಾಯುದ್ಧದ ಅನಂತರ. ಷಿಕಾಗೋ ಪ್ರಾಂತದ ಲೋಹದ ಕಾರ್ಖಾನೆಯೊಂದರಲ್ಲಿದ್ದ ಜಾರ್ಜ್ ಸ್ಟೀಫನ್, ನೀರಿನಲ್ಲಿ ತೇಲಿಬಿಡುವ ಬೋಯೆಗಳಿಗಾಗಿ ಮಾಡುತ್ತಿದ್ದ ಗೋಳವನ್ನು ಎರಡಾಗಿಸಿ, ಮುಚ್ಚಳವುಳ್ಳ ದುಂಡನೆಯ ಒಲೆಯನ್ನು 1952ರಲ್ಲಿ ರೂಪಿಸಿದನು. ಗಾಳಿಯ ಕಂಡಿಗಳನ್ನು ತೆರೆದು ಮುಚ್ಚಿ ಬೆಂಕಿಯನ್ನು ಹದದಲ್ಲಿಡುವುದು ಇದರ ಗುಟ್ಟು. ಕುಳಿಯ ಆಳಿನ ಕೆಲಸ ಮನೆಯ ಯಜಮಾನನ ಪಾಲಿಗೆ ಬಂದಿತು; ಜೊತೆಗೆ ಮಸಿಯೂ.

ಮಗಳ ಮನೆಯಲ್ಲಿ, ಆ ದೇಶದಲ್ಲಿ, ಕೆಲವು ತಿಂಗಳು ಇದ್ದಾಗ ಒಲೆಯನ್ನು ಶುಚಿಮಾಡುವ ಕೆಲಸ ನನ್ನದಾಗಿತ್ತು. ಜೋನ್ಸ್ ಮೆಚ್ಚಿದ ಕೊಬ್ಬೇ ಜಾಲರಿಯ ಮೇಲೆ ಉಳಿದು ಹಲವು ಸಲ ಸುಟ್ಟರೆ ಕಹಿಯಾಗಿ, ಮರುದಿನದ ಅಡಿಗೆಯನ್ನು ಕೆಡಿಸುತ್ತದೆ. ತಣ್ಣಗಿರುವಾಗ ತಿಕ್ಕಿದರೆ ತೋಳು ನೋಯುವುದಷ್ಟೆ. ಕೆಂಡವೆಬ್ಬಿಸಿ, ಮುಚ್ಚಳ ಮುಚ್ಚಿ ಕಾಲುಗಂಟೆ ಕಾಯಿಸಿದರೆ ಜಿಡ್ಡು ಸೀದು ಗರಿಯಾಗಿ ಉದುರುತ್ತದೆ. ತಂತಿಯ ಬ್ರಷ್ ಬೇಡ. ಅದರಿಂದ ಕಳಚಿದ ಎಳೆಗಳನ್ನು ಊಟದೊಡನೆ ನುಂಗಿ ಗಾಯಗೊಂಡವರ ವಿಷಯವನ್ನು ಅಮೆರಿಕದ ಆರೋಗ್ಯ ಇಲಾಖೆ 2012ರಲ್ಲಿ ಪ್ರಕಟಿಸಿದೆ. ಮರದ ಹಲಗೆಯಿಂದಲೋ ಮುದ್ದೆಮಾಡಿದ ಅಲ್ಯೂಮಿನಿಯಂ ಹಾಳೆಯಿಂದಲೋ ಕೆರೆದು, ಒದ್ದೆ ಬಟ್ಟೆಯಿಂದ ಒರಸಿ, ತೆಳ್ಳಗೆ ಎಣ್ಣೆ ಸವರಬೇಕು. ಬೂದಿಯನ್ನು ಮಾತ್ರ ಪೂರ್ತಿ ಆರಿದ ಮೇಲೆಯೇ ತೆಗೆಯಬೇಕು. ಹಾಗೇ ಬಿಟ್ಟರೆ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ, ಗಾಳಿಯ ಕಂಡಿಗಳನ್ನೂ ಕಟ್ಟುತ್ತದೆ. ಉಸಿರುಕಟ್ಟಿದ ಬೆಂಕಿಯ ಹೊಗೆ ರುಚಿಗೆ ಶತ್ರು.

ಅನಂತರ ಕೆಂಡವನ್ನು ಒಂದೇ ಬದಿಗೆ ಒಟ್ಟುತ್ತಿದ್ದೆ. ಅಳಿಯನ ಕೋಳಿ ಮೊದಲು ಕೆಂಡದ ನೇರಕ್ಕೆ ಬಣ್ಣ ಕಟ್ಟಿ, ಆಮೇಲೆ ಬರಿಯ ಬದಿಗೆ ಸರಿದು ಮುಚ್ಚಳದ ಕಾವಿನಲ್ಲಿ ನಿಧಾನವಾಗಿ ಬೇಯುತ್ತಿತ್ತು. ನನಗಾಗಿ ಮುಸುಕಿನ ಜೋಳ ಮತ್ತು ಎರಡು ದೊಡ್ಡ ಬದನೆ. ಜೋಳವಂತೂ ಆ ಖಂಡದಿಂದಲೇ ನಮ್ಮ ಹೊಲಗಳಿಗೆ ಬಂದ ಬೆಳೆ. ಬದನೆಯ ಸಿಪ್ಪೆ ಕರಿಕಾಗಿ ಒಳಗೆ ಬೆಣ್ಣೆಯಂತಾದ ಮೇಲೆ ಸುಲಿದು ಕಿವುಚಿ, ಹಸಿಮೆಣಸಿನಕಾಯಿ, ಹುಣಿಸೆರಸ, ಚೂರು ಬೆಲ್ಲ, ಸಾಸಿವೆಯ ಒಗ್ಗರಣೆ ಸೇರಿಸಿ ಗೊಜ್ಜು ಮಾಡುತ್ತಿದ್ದೆವು. ಮೊಮ್ಮಕ್ಕಳು ಅದನ್ನು ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುತ್ತಿದ್ದರು.