ವಿಮಾನಗಳು ಕಾಯುವ ಮೂವತ್ತೈದು ನಿಮಿಷ

ದಕ್ಷಿಣ ಕೊರಿಯಾದಲ್ಲಿ ಪ್ರತಿವರ್ಷ ನವೆಂಬರಿನ ಒಂದು ಗುರುವಾರ ಮಧ್ಯಾಹ್ನ 1.05ರಿಂದ 1.40ರವರೆಗೆ ಯಾವ ವಿಮಾನ ನಿಲ್ದಾಣದಲ್ಲೂ ವಿಮಾನ ಏರುವುದಿಲ್ಲ, ಇಳಿಯುವುದಿಲ್ಲ. ತುರ್ತು ಸಂದರ್ಭಕ್ಕೆ ಮಾತ್ರ ವಿನಾಯಿತಿ. ಆಗಲೇ ಆಕಾಶದಲ್ಲಿರುವ ವಿಮಾನಗಳು 3 ಕಿಲೋಮೀಟರಿಗಿಂತ ಎತ್ತರದಲ್ಲೇ ಸುತ್ತು ಹಾಕುತ್ತಾ ಕಾಯಬೇಕು. ಸೇನೆಯ ತಾಲೀಮೂ ಆ ಹೊತ್ತಿಗೆ ನಿಲ್ಲುತ್ತದೆ. 2025ರ ನವೆಂಬರ್ 13ರಂದು ಹೀಗೆ 140 ವಿಮಾನಗಳ ವೇಳೆ ಬದಲಾಯಿತು. ಆ ಅರ್ಧ ಗಂಟೆಯಲ್ಲಿ ಐದು ಲಕ್ಷದಷ್ಟು ಹುಡುಗ ಹುಡುಗಿಯರು ಪರೀಕ್ಷಾ ಕೊಠಡಿಗಳಲ್ಲಿ ಕೂತು ಇಂಗ್ಲಿಷ್ ಸಂಭಾಷಣೆಗಳನ್ನು ಕೇಳಿಸಿಕೊಳ್ಳುತ್ತಿದ್ದರು ಎಂಬುದೇ ಇದಕ್ಕೆಲ್ಲ ಕಾರಣ.

ಪರೀಕ್ಷೆಯ ಹೆಸರು ಸುನುಂಗ್. ಹೈಸ್ಕೂಲು ಮುಗಿಸಿದವರು ಯಾವ ವಿಶ್ವವಿದ್ಯಾಲಯಕ್ಕೆ ಹೋಗಬಹುದು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವ ಪರೀಕ್ಷೆ ಇದು. ಅಂದು ಷೇರುಪೇಟೆ ಒಂದು ಗಂಟೆ ತಡವಾಗಿ ತೆರೆಯುತ್ತದೆ. ತಡವಾದ ಮಕ್ಕಳನ್ನು ಪೊಲೀಸರು ಮೋಟಾರು ಬೈಕಿನಲ್ಲಿ ಕೂರಿಸಿಕೊಂಡು ಪರೀಕ್ಷಾ ಕೇಂದ್ರಕ್ಕೆ ಬಿಡುತ್ತಾರೆ. ಹೊರಗಿನವರಿಗೆ ಇದೊಂದು ವಿಚಿತ್ರ ಸುದ್ದಿಯಾಗಿ ಕಾಣುತ್ತದೆ. ಆದರೆ ಒಂದು ದೇಶ ತನ್ನ ಆಕಾಶವನ್ನೇ ನಿಶ್ಶಬ್ದ ಮಾಡಿ ಮಕ್ಕಳ ಕಿವಿಯನ್ನು ಪರೀಕ್ಷಿಸುವ ಮಟ್ಟಕ್ಕೆ ಬಂದದ್ದು ಹೇಗೆ? ಅಷ್ಟು ಮಾಡಿದ ಮೇಲೂ 2025ರಲ್ಲಿ ಇಂಗ್ಲಿಷ್ ಪ್ರಶ್ನೆಪತ್ರಿಕೆಯ ಕಾರಣಕ್ಕೇ ಪರೀಕ್ಷಾ ಸಂಸ್ಥೆಯ ಮುಖ್ಯಸ್ಥರು ರಾಜೀನಾಮೆ ಕೊಡಬೇಕಾಗಿ ಬಂದದ್ದು ಏಕೆ?

ಕಿವಿಗೆ ಪರೀಕ್ಷೆ ಬಂದ ಬಗೆ

ಪರಭಾಷೆಯನ್ನು ಕಲಿತವರಿಗೆ ಪರೀಕ್ಷೆ ಎಂದರೆ ಬಹಳ ಕಾಲ ಅನುವಾದ, ವ್ಯಾಕರಣ ಮತ್ತು ಪ್ರಬಂಧ. 1913ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ವಿದೇಶೀಯರ ಇಂಗ್ಲಿಷ್ ಜ್ಞಾನವನ್ನು ಅಳೆಯಲು ಒಂದು ಪರೀಕ್ಷೆ ಆರಂಭಿಸಿತು. ಹನ್ನೆರಡು ಗಂಟೆಗಳ ಆ ಪರೀಕ್ಷೆಯಲ್ಲಿ ಉಕ್ತಲೇಖನ, ಗಟ್ಟಿ ಓದು, ಮಾತುಕತೆ ಎಲ್ಲವೂ ಇದ್ದವು. ಮೊದಲ ವರ್ಷ ಕೂತವರು ಮೂವರು. ಮೂವರೂ ಅನುತ್ತೀರ್ಣರಾದರು. ಮೂವರಿಗಾದರೆ ಪರೀಕ್ಷಕರು ಎದುರು ಕೂರಿಸಿಕೊಂಡು ಮಾತಾಡಿಸಬಹುದು. ಸಾವಿರ, ಲಕ್ಷ ಜನ ಬಂದರೆ ಏನು ಮಾಡುವುದು?

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ತನ್ನ ಸೈನಿಕರಿಗೆ ಪರಭಾಷೆಗಳನ್ನು ಬೇಗ ಕಲಿಸಬೇಕಾಯಿತು. ಕೇಳಿ, ತಿರುಗಿ ಹೇಳಿ ಕಲಿಯುವ ವಿಧಾನ ಬಲಗೊಂಡದ್ದು ಆಗ. ಧ್ವನಿಮುದ್ರಣದ ಸಲಕರಣೆಗಳು ಅಗ್ಗವಾದಂತೆ ಒಂದೇ ಧ್ವನಿಯನ್ನು ಸಾವಿರಾರು ಜನರಿಗೆ ಕೇಳಿಸುವುದು ಸಾಧ್ಯವಾಯಿತು. 1961ರಲ್ಲಿ ರಾಬರ್ಟ್ ಲ್ಯಾಡೋ ಭಾಷಾ ಪರೀಕ್ಷೆಯ ಬಗ್ಗೆಯೇ ಒಂದು ಪುಸ್ತಕ ಬರೆದರು. ಭಾಷೆಯನ್ನು ಸಣ್ಣ ಸಣ್ಣ ತುಣುಕು ಮಾಡಿ, ಪ್ರತಿ ತುಣುಕಿಗೂ ಒಂದು ಪ್ರಶ್ನೆ ಕೇಳಿ ಅಳೆಯಬಹುದು ಎಂಬ ನಂಬಿಕೆಗೆ ಅದು ಶಾಸ್ತ್ರದ ರೂಪ ಕೊಟ್ಟಿತು. 1964ರಲ್ಲಿ ಟೋಫೆಲ್ ಬಂತು. 1979ರಲ್ಲಿ ಜಪಾನೀಯರ ಕೋರಿಕೆಯ ಮೇರೆಗೆ ಅಮೆರಿಕದ ಇ.ಟಿ.ಎಸ್. ಸಂಸ್ಥೆ ಟೋಯಿಕ್ ಪರೀಕ್ಷೆಯನ್ನು ರೂಪಿಸಿತು. ಕಚೇರಿ ನೌಕರರಿಗಾಗಿ ಮಾಡಿದ ಈ ಪರೀಕ್ಷೆಯಲ್ಲಿ ನೂರು ಪ್ರಶ್ನೆ ಕೇಳಿ ಉತ್ತರಿಸುವುದು, ನೂರು ಪ್ರಶ್ನೆ ಓದಿ ಉತ್ತರಿಸುವುದು. ಮಾತು ಮತ್ತು ಬರಹ ಇರಲಿಲ್ಲ. ಕೊಟ್ಟ ಆಯ್ಕೆಗಳಲ್ಲಿ ಒಂದನ್ನು ಗುರುತಿಸಿದರೆ ಯಂತ್ರವೇ ಮೌಲ್ಯಮಾಪನ ಮಾಡುತ್ತಿತ್ತು. ಪೂರ್ವ ಏಷ್ಯಾದ ಹೈಸ್ಕೂಲು ಪರೀಕ್ಷೆಗಳೂ ಮುಂದೆ ಇದೇ ಹಾದಿ ಹಿಡಿದವು.

ಸೋಲ್ ನಗರದ ಹಾದಿ

ಕೊರಿಯಾದಲ್ಲಿ ಸರ್ಕಾರಿ ಇಂಗ್ಲಿಷ್ ಶಿಕ್ಷಣ ಶುರುವಾದದ್ದು 1883ರಲ್ಲಿ, ದುಭಾಷಿಗಳನ್ನು ತಯಾರು ಮಾಡುವ ಶಾಲೆಯೊಂದರಿಂದ. 1886ರಲ್ಲಿ ಅರಸೊತ್ತಿಗೆಯೇ ಒಂದು ಶಾಲೆ ತೆರೆದು ಹೋಮರ್ ಹಲ್ಬರ್ಟ್ ಸೇರಿ ಮೂವರು ಅಮೆರಿಕನ್ ಮೇಷ್ಟ್ರುಗಳನ್ನು ಕರೆಸಿಕೊಂಡಿತು. 1910ರಿಂದ 1945ರವರೆಗೆ ದೇಶ ಜಪಾನಿನ ವಸಾಹತಾಗಿತ್ತು. ಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆ ಬಂತು, ಅದರೊಂದಿಗೆ ಇಂಗ್ಲಿಷಿನ ಬೆಲೆಯೂ ಏರಿತು. ಆದರೂ ಕಾಲೇಜು ಪ್ರವೇಶ ಪರೀಕ್ಷೆಗಳಲ್ಲಿ ದಶಕಗಳ ಕಾಲ ವ್ಯಾಕರಣ, ಶಬ್ದಾರ್ಥಗಳದ್ದೇ ರಾಜ್ಯಭಾರ. ಹತ್ತಾರು ವರ್ಷ ಇಂಗ್ಲಿಷ್ ಓದಿದವರು ವಿದೇಶಿಯೊಬ್ಬ ದಾರಿ ಕೇಳಿದರೆ ತಡವರಿಸುತ್ತಾರೆ ಎಂಬ ದೂರು ಅಲ್ಲಿ ಎಲ್ಲರ ಬಾಯಲ್ಲೂ ಇತ್ತು.

ಬಾಯಿಪಾಠವನ್ನು ಬಿಟ್ಟು ಯೋಚನಾಶಕ್ತಿಯನ್ನು ಅಳೆಯಬೇಕೆಂಬ ಉದ್ದೇಶದಿಂದ 1993ರಲ್ಲಿ ಸುನುಂಗ್ ಬಂತು. ಆ ವರ್ಷ ಅದು ಎರಡು ಬಾರಿ ನಡೆಯಿತು, ಆಗಸ್ಟ್ 20ರಂದು ಮತ್ತು ನವೆಂಬರ್ 16ರಂದು. ಎರಡರ ಕಠಿಣತೆ ಒಂದೇ ಮಟ್ಟದಲ್ಲಿ ಇರಲಿಲ್ಲ. ಮಾರನೆಯ ವರ್ಷದಿಂದ ಒಂದೇ ಬಾರಿ ಎಂದಾಯಿತು. ಇಂಗ್ಲಿಷಿನಲ್ಲಿ ಕೇಳಿ ಉತ್ತರಿಸುವ ಪ್ರಶ್ನೆಗಳು ಮೊದಲಿಂದಲೂ ಇದ್ದವು. ಆರಂಭದಲ್ಲಿ ಬೆರಳೆಣಿಕೆಯಷ್ಟಿದ್ದ ಅವು ವರ್ಷಗಳು ಕಳೆದಂತೆ ಹೆಚ್ಚಿದವು. ಜಾಗತೀಕರಣದ ಮಾತು ಸರ್ಕಾರದ ಘೋಷಣೆಯಾಗಿದ್ದ ಕಾಲ ಅದು. 1997ರಿಂದ ಪ್ರಾಥಮಿಕ ಶಾಲೆಯ ಮೂರನೇ ತರಗತಿಗೇ ಇಂಗ್ಲಿಷ್ ಬಂತು.

2013ರ ಪರೀಕ್ಷೆಯಲ್ಲಿ 45 ಪ್ರಶ್ನೆಗಳಲ್ಲಿ 22, ಅಂದರೆ ಹೆಚ್ಚುಕಡಿಮೆ ಅರ್ಧ, ಕಿವಿಯ ಪಾಲಾಯಿತು. ಮರುವರ್ಷವೇ ಅದನ್ನು 17ಕ್ಕೆ ಇಳಿಸಿದರು. ಇವತ್ತಿಗೂ ಲೆಕ್ಕ ಅದೇ: 17 ಪ್ರಶ್ನೆ ಕೇಳಿ, 28 ಪ್ರಶ್ನೆ ಓದಿ. ಒಟ್ಟು ಎಪ್ಪತ್ತು ನಿಮಿಷ. ನೂರರಲ್ಲಿ ಆಲಿಸುವಿಕೆಗೆ 37 ಅಂಕ, ಓದಿಗೆ 63.

ಎಲ್ಲರಿಗೂ ಒಂದೇ ನಿಶ್ಶಬ್ದ

ಇಂಗ್ಲಿಷ್ ಪತ್ರಿಕೆ ಮಧ್ಯಾಹ್ನದ ಊಟ ಮುಗಿದ ಮೇಲೆ, 1.10ಕ್ಕೆ. ಶಾಲೆಯ ಧ್ವನಿವರ್ಧಕದಲ್ಲಿ ಸುಮಾರು 25 ನಿಮಿಷ ಸಂಭಾಷಣೆಗಳು ಬರುತ್ತವೆ. ಮೊದಲ ಹದಿನೈದು ಪ್ರಶ್ನೆಗಳಿಗೆ ಧ್ವನಿ ಒಂದೇ ಸಲ. ಕೊನೆಯ ಎರಡು ಪ್ರಶ್ನೆಗಳಿಗೆ ಸೇರಿ ಒಂದು ದೀರ್ಘ ಮಾತು, ಅದು ಎರಡು ಸಲ. ಓದುವ ಪ್ರಶ್ನೆಯಾದರೆ ಮತ್ತೆ ಹಿಂದಕ್ಕೆ ಹೋಗಿ ನೋಡಬಹುದು. ಕೇಳುವುದರಲ್ಲಿ ಆ ಸೌಲಭ್ಯವಿಲ್ಲ. ಒಬ್ಬ ಕೆಮ್ಮಿದರೆ, ಹೊರಗೊಂದು ಹಾರ್ನ್ ಕೂಗಿದರೆ ಒಂದು ಪದ ಹೋಯಿತು, ಅದರೊಂದಿಗೆ ಅಂಕವೂ ಹೋಯಿತು. ವಿಮಾನ ನಿಲ್ದಾಣದ ಪಕ್ಕದ ಶಾಲೆಯಲ್ಲಿ ಬರೆಯುವ ಹುಡುಗಿಗೂ ಬೆಟ್ಟದ ಊರಿನ ಹುಡುಗನಿಗೂ ಒಂದೇ ಬಗೆಯ ಮೌನ ಸಿಗಲಿ ಎಂದು ಸರ್ಕಾರ ವಿಮಾನಗಳನ್ನೇ ನಿಲ್ಲಿಸುತ್ತದೆ.

ಈ ಸಮಾನತೆಯ ಕಾಳಜಿ ಇನ್ನೂ ಮುಂದಕ್ಕೆ ಹೋಗುತ್ತದೆ. ಕಿವಿ ಕೇಳದ ವಿದ್ಯಾರ್ಥಿಗಳಿಗೆ ಸಂಭಾಷಣೆಗಳನ್ನು ಮುದ್ರಿಸಿ ಕೊಡುತ್ತಾರೆ. ಪೂರ್ಣ ಅಂಧರಾದವರಿಗೆ ಬ್ರೈಲ್ ಪ್ರಶ್ನೆಪತ್ರಿಕೆ, ಉಳಿದವರಿಗಿಂತ 1.7 ಪಟ್ಟು ಸಮಯ. ಹಾಗಾಗಿ ಅವರ ಪರೀಕ್ಷೆ ಮುಗಿಯುವಾಗ ರಾತ್ರಿಯಾಗಿರುತ್ತದೆ.

ಆದರೆ ಇಷ್ಟು ಜತನದಿಂದ ಕಾಪಾಡುವ ಆಲಿಸುವಿಕೆಯ ಭಾಗವೇ ಪತ್ರಿಕೆಯ ಸುಲಭ ಭಾಗ. ಚೆನ್ನಾಗಿ ಓದಿಕೊಂಡವರು ಹದಿನೇಳಕ್ಕೆ ಹದಿನೇಳೂ ಸರಿ ಮಾಡುತ್ತಾರೆ. ಎರಡು ಸಂಭಾಷಣೆಗಳ ನಡುವೆ ಸಿಗುವ ಸೆಕೆಂಡುಗಳಲ್ಲಿ ಪುಟ ತಿರುವಿ ಓದಿನ ಪ್ರಶ್ನೆಗಳನ್ನು ಬಿಡಿಸಿಬಿಡುವುದು ಅಲ್ಲಿನ ಮಕ್ಕಳು ರೂಢಿಸಿಕೊಂಡ ಉಪಾಯ. ಕಿವಿ ಒಂದು ಕಡೆ, ಕಣ್ಣು ಇನ್ನೊಂದು ಕಡೆ. ಆಕಾಶವನ್ನೇ ಸುಮ್ಮನಿರಿಸಿ ಕೊಟ್ಟ ಸಮಯವನ್ನು ಅವರು ಓದಿಗೆ ಖರ್ಚು ಮಾಡುತ್ತಾರೆ. ಏಕೆಂದರೆ ಯಾರು ಮೇಲೆ, ಯಾರು ಕೆಳಗೆ ಎಂಬುದು ತೀರ್ಮಾನವಾಗುವುದು ಓದಿನ ಕೆಲವೇ ಪ್ರಶ್ನೆಗಳಲ್ಲಿ.

ಜರಡಿ ಇರುವುದು ಓದಿನಲ್ಲಿ

31ರಿಂದ 34ರವರೆಗಿನ ಪ್ರಶ್ನೆಗಳು ಬಿಟ್ಟ ಸ್ಥಳ ತುಂಬುವುದು. ಕೇಳಲು ಸರಳ. ಆದರೆ ಕೊಡುವ ಪ್ಯಾರಾ ತತ್ತ್ವಶಾಸ್ತ್ರದ್ದೋ ಅರ್ಥಶಾಸ್ತ್ರದ್ದೋ ಇರುತ್ತದೆ, ಮುಖ್ಯವಾದ ಪದಗುಚ್ಛವೇ ಮಾಯವಾಗಿರುತ್ತದೆ. ಮುಂದಿನವು ವಾಕ್ಯಗಳನ್ನು ಸರಿಯಾದ ಅನುಕ್ರಮಕ್ಕೆ ತರುವುದು, ತಪ್ಪಿಹೋದ ವಾಕ್ಯ ಎಲ್ಲಿ ಕೂರುತ್ತದೆಂದು ಹೇಳುವುದು. 2025ರಲ್ಲಿ 34ನೇ ಪ್ರಶ್ನೆ ಕಾಂಟ್‌ನ ಕಾನೂನು ಚಿಂತನೆಯ ಬಗ್ಗೆ ಇತ್ತು. ಆ ಭಾಷೆಯನ್ನೇ ಮನೆಮಾತಾಗಿ ಉಳ್ಳವರೂ ಎರಡೆರಡು ಸಲ ಓದಬೇಕಾದಂಥ ಗದ್ಯ ಅದು.

ಇಂಥ ಪ್ರಶ್ನೆಗಳಿಗೆ ತರಬೇತಿ ಕೊಡುವ ಖಾಸಗಿ ಟ್ಯೂಷನ್ ಶಾಲೆಗಳನ್ನು ಅಲ್ಲಿ ಹಾಗ್ವೊನ್ ಎನ್ನುತ್ತಾರೆ. 2024ರಲ್ಲಿ ಕೊರಿಯಾದ ಪೋಷಕರು ಖಾಸಗಿ ಪಾಠಕ್ಕೆ ಸುರಿದ ಹಣ 29.2 ಲಕ್ಷ ಕೋಟಿ ವೊನ್. ವಿಷಯಗಳಲ್ಲಿ ಹೆಚ್ಚು ಹಣ ಹೋಗುವುದು ಇಂಗ್ಲಿಷಿಗೆ. ಈ ಹೊರೆ ಇಳಿಸಲೆಂದು ಸರ್ಕಾರ 2017ರ ಪರೀಕ್ಷೆಯಿಂದ ಇಂಗ್ಲಿಷಿನಲ್ಲಿ ಶ್ರೇಣಿ ಕೊಡುವ ಪದ್ಧತಿಯನ್ನು ಬದಲಿಸಿತು. ಅಲ್ಲಿಯವರೆಗೆ ಮೇಲಿನ 4 ಶೇಕಡ ಮಕ್ಕಳಿಗೆ ಮಾತ್ರ ಮೊದಲ ಶ್ರೇಣಿ. ಒಬ್ಬ ಮೇಲೇರಿದರೆ ಇನ್ನೊಬ್ಬ ಕೆಳಗಿಳಿಯಲೇಬೇಕು. ಹೊಸ ಪದ್ಧತಿಯಲ್ಲಿ 90 ಮತ್ತು ಅದಕ್ಕಿಂತ ಹೆಚ್ಚು ಅಂಕ ಬಂದವರಿಗೆಲ್ಲ ಮೊದಲ ಶ್ರೇಣಿ. ಪಕ್ಕದವನನ್ನು ಸೋಲಿಸಬೇಕಿಲ್ಲ, ಗೆರೆ ದಾಟಿದರೆ ಸಾಕು.

ಲೆಕ್ಕ ಹಾಗೆ ಸರಳವಾಗಿ ನಡೆಯಲಿಲ್ಲ. ಮೊದಲ ವರ್ಷ 10 ಶೇಕಡ ಮಕ್ಕಳು ಆ ಗೆರೆ ದಾಟಿದರು. ಮರುವರ್ಷ ಅದು 5.3ಕ್ಕೆ ಬಿತ್ತು. 2020ರಲ್ಲಿ 12.66ಕ್ಕೆ ಏರಿತು, 2023ರಲ್ಲಿ 4.71ಕ್ಕೆ ಇಳಿಯಿತು. 2025ರಲ್ಲಿ 3.11. ಅಂದರೆ ಹಳೆಯ ಪದ್ಧತಿಯಲ್ಲಿ ಸಿಗುತ್ತಿದ್ದ 4 ಶೇಕಡಕ್ಕಿಂತಲೂ ಕಡಿಮೆ. ಹೊರೆ ಇಳಿಸಲು ತಂದ ಪದ್ಧತಿ ಹಳೆಯದಕ್ಕಿಂತ ಬಿಗಿಯಾದ ಜರಡಿಯಾಯಿತು. ಫಲಿತಾಂಶ ಬಂದ ಬೆನ್ನಲ್ಲೇ, ಡಿಸೆಂಬರ್ 10ರಂದು, ಪರೀಕ್ಷೆ ನಡೆಸುವ ಪಠ್ಯಕ್ರಮ ಮತ್ತು ಮೌಲ್ಯಮಾಪನ ಸಂಸ್ಥೆಯ ಮುಖ್ಯಸ್ಥ ಓ ಸಂಗ್-ಗೋಲ್ ಹುದ್ದೆ ಬಿಟ್ಟರು.

ಇಂಗ್ಲಿಷ್ ಪತ್ರಿಕೆ ಆ ಸಂಸ್ಥೆಗೆ ಮುಜುಗರ ತಂದದ್ದು ಅದೇ ಮೊದಲಲ್ಲ. 2014ರಲ್ಲಿ ನಕ್ಷೆಯೊಂದನ್ನು ಆಧರಿಸಿದ 25ನೇ ಪ್ರಶ್ನೆಯಲ್ಲಿ ಶೇಕಡಾವಾರು ಹೆಚ್ಚಳ ಯಾವುದು, ಎರಡು ಶೇಕಡಾ ಪ್ರಮಾಣಗಳ ನಡುವಿನ ಅಂತರ ಯಾವುದು ಎಂಬ ಗೊಂದಲವಾಗಿ ಎರಡು ಉತ್ತರಗಳನ್ನು ಸರಿಯೆಂದು ಒಪ್ಪಬೇಕಾಯಿತು. ಅದೇ ವರ್ಷ ಜೀವಶಾಸ್ತ್ರದ ಪ್ರಶ್ನೆಯೊಂದೂ ತಪ್ಪಾಗಿತ್ತು. ಆಗಿನ ಮುಖ್ಯಸ್ಥರೂ ರಾಜೀನಾಮೆ ಕೊಟ್ಟರು. 2022ರ 23ನೇ ಪ್ರಶ್ನೆಗೆ ಅಮೆರಿಕದ ಕಾನೂನು ಪಂಡಿತ ಕ್ಯಾಸ್ ಸನ್‌ಸ್ಟೀನ್ ಅವರ ಪುಸ್ತಕದ ಒಂದು ಭಾಗ ಬಳಸಿದ್ದರು. ಟ್ಯೂಷನ್ ಮೇಷ್ಟ್ರೊಬ್ಬರ ಅಭ್ಯಾಸ ಪತ್ರಿಕೆಯಲ್ಲಿ ಅದೇ ಭಾಗ ಮೊದಲೇ ಬಂದಿತ್ತು. ಲೆಕ್ಕಪರಿಶೋಧಕರು ವಿಚಾರಣೆ ನಡೆಸಿದಾಗ, ಶಾಲಾ ಶಿಕ್ಷಕರು ಹಣ ಪಡೆದು ಟ್ಯೂಷನ್ ಉದ್ಯಮಕ್ಕೆ ಪ್ರಶ್ನೆಗಳನ್ನು ಬರೆದುಕೊಡುತ್ತಿದ್ದ ಸಂಗತಿ ಬಯಲಾಯಿತು. ನಿಶ್ಶಬ್ದವನ್ನು ಎಲ್ಲರಿಗೂ ಸಮನಾಗಿ ಹಂಚುವುದು ಸರ್ಕಾರಕ್ಕೆ ಸಾಧ್ಯವಾಯಿತು. ತಯಾರಿಯನ್ನು ಹಾಗೆ ಹಂಚಲು ಆಗಲಿಲ್ಲ.

ಜಪಾನಿನ ಪುಟ್ಟ ಯಂತ್ರ

ಪಕ್ಕದ ಜಪಾನ್ ಇದೇ ಸಮಸ್ಯೆಗೆ ಬೇರೆ ದಾರಿ ಹುಡುಕಿತು. ಅಲ್ಲಿ 1990ರಿಂದ ನಡೆಯುತ್ತಿದ್ದ ರಾಷ್ಟ್ರೀಯ ಪ್ರವೇಶ ಪರೀಕ್ಷೆಗೆ ಆಲಿಸುವಿಕೆ ಸೇರಿದ್ದು 2006ರ ಜನವರಿಯಲ್ಲಿ. ಧ್ವನಿವರ್ಧಕವಾದರೆ ಮುಂದಿನ ಬೆಂಚಿಗೆ ಜೋರು, ಹಿಂದಿನ ಬೆಂಚಿಗೆ ಮೆಲ್ಲಗೆ ಎಂಬ ತಕರಾರು ಬರುತ್ತದೆ. ಹಾಗಾಗಿ ಐದು ಲಕ್ಷ ಮಕ್ಕಳಿಗೂ ತಲಾ ಒಂದು ಪುಟ್ಟ ಆಡಿಯೊ ಪ್ಲೇಯರ್ ಮತ್ತು ಇಯರ್‌ಫೋನ್ ಕೊಟ್ಟರು. ಕೆಲವರ ಯಂತ್ರ ಕೈಕೊಟ್ಟಿತು, ಅವರು ಮತ್ತೆ ಬರೆಯಬೇಕಾಯಿತು. ಇವತ್ತಿಗೂ ಅಲ್ಲಿ ಒಂದು ಗಂಟೆಯ ಆ ಅವಧಿಯಲ್ಲಿ ಉತ್ತರಿಸಲು ಸಿಗುವುದು ಅರ್ಧ ಗಂಟೆ. ಉಳಿದರ್ಧ ಯಂತ್ರ ಹಂಚಿ, ಕೇಳಿಸುತ್ತದೆಯೇ ಎಂದು ಪರೀಕ್ಷಿಸಲು.

ಮೊದಲು ಬರಹದ ಪತ್ರಿಕೆಗೆ 200 ಅಂಕ, ಆಲಿಸುವಿಕೆಗೆ 50. 2021ರಲ್ಲಿ ಹೊಸ ಪರೀಕ್ಷೆ ಬಂದಾಗ ಓದಿಗೆ 100, ಆಲಿಸುವಿಕೆಗೆ 100 ಎಂದಾಯಿತು. ಕಾಗದದ ಮೇಲೆ ಉಚ್ಚಾರಣೆ ಕೇಳುವ ಹಳೆಯ ಪ್ರಶ್ನೆಗಳು ಹೋದವು. ಕೆಲವು ಧ್ವನಿಮುದ್ರಣಗಳನ್ನು ಎರಡು ಸಲ, ಉಳಿದವನ್ನು ಒಂದೇ ಸಲ ಕೇಳಿಸತೊಡಗಿದರು.

ಅದಕ್ಕಿಂತ ದೊಡ್ಡ ಬದಲಾವಣೆಯೊಂದು ಆಗಬೇಕಿತ್ತು. ಮಾತು ಮತ್ತು ಬರಹವನ್ನೂ ಅಳೆಯಲು ಖಾಸಗಿ ಪರೀಕ್ಷೆಗಳ ಅಂಕ ಬಳಸುವ ಯೋಜನೆ ಸಿದ್ಧವಾಗಿತ್ತು. ಅವುಗಳಲ್ಲಿ ಕೆಲವಕ್ಕೆ ಶುಲ್ಕವೇ 20,000 ಯೆನ್‌ಗೂ ಹೆಚ್ಚು. ಪರೀಕ್ಷಾ ಕೇಂದ್ರಗಳು ಹೆಚ್ಚಾಗಿ ದೊಡ್ಡ ಊರುಗಳಲ್ಲಿ. ಹಳ್ಳಿಯ, ದ್ವೀಪದ ಮಕ್ಕಳ ಗತಿಯೇನು ಎಂಬ ಪ್ರಶ್ನೆ ಎದ್ದಿತು. 2019ರ ಅಕ್ಟೋಬರ್ 24ರಂದು ಶಿಕ್ಷಣ ಸಚಿವ ಹಗಿಯುಡಾ ಕೊಯಿಚಿ ಟಿ.ವಿ. ಕಾರ್ಯಕ್ರಮದಲ್ಲಿ, ಅವರವರು ತಮ್ಮ ಅಂತಸ್ತಿಗೆ ತಕ್ಕಂತೆ ಹೊಂದಿಕೊಂಡು ಸ್ಪರ್ಧಿಸಲಿ ಎಂಬರ್ಥದ ಮಾತಾಡಿದರು. ದೇಶವೇ ಸಿಡಿದೆದ್ದಿತು. ಒಂದೇ ವಾರದಲ್ಲಿ, ನವೆಂಬರ್ 1ರಂದು, ಅವರೇ ಯೋಜನೆಯನ್ನು ಮುಂದೂಡಬೇಕಾಯಿತು. 2021ರಲ್ಲಿ ಅದನ್ನು ಪೂರ್ತಿ ಕೈಬಿಟ್ಟರು.

ಕೊರಿಯಾದಲ್ಲೂ ಇಂಥದೇ ಕತೆ ನಡೆದಿತ್ತು. ಓದು, ಆಲಿಸುವಿಕೆ, ಮಾತು, ಬರಹ ನಾಲ್ಕನ್ನೂ ಕಂಪ್ಯೂಟರಿನಲ್ಲಿ ಅಳೆಯುವ ನೀಟ್ ಎಂಬ ಸರ್ಕಾರಿ ಪರೀಕ್ಷೆಯನ್ನು 2008ರ ಸುಮಾರಿಗೆ ರೂಪಿಸಲು ಹೊರಟರು. ನಮ್ಮ ವೈದ್ಯಕೀಯ ಪ್ರವೇಶದ ನೀಟ್‌ಗೂ ಇದಕ್ಕೂ ಸಂಬಂಧವಿಲ್ಲ. ಸುನುಂಗ್‌ನ ಇಂಗ್ಲಿಷಿನ ಜಾಗಕ್ಕೆ ಇದು ಬರಲಿದೆ ಎಂಬ ಮಾತಿತ್ತು. ಹಾಗಾದರೆ ಮಾತಿಗೂ ಬರಹಕ್ಕೂ ಹೊಸ ಟ್ಯೂಷನ್ ಹುಟ್ಟಿಕೊಳ್ಳುತ್ತದೆ ಎಂಬ ಭಯ ಗೆದ್ದಿತು. ಸರ್ಕಾರ ಬದಲಾಯಿತು, ಪರೀಕ್ಷೆ ಮೂಲೆಗೆ ಬಿತ್ತು.

ಅಳೆಯಲಾಗದ ಪಾಲು

ಭಾರತದ ಅನುಭವ ಇದಕ್ಕಿಂತ ಬೇರೆ, ಆದರೂ ತೀರ ದೂರವಲ್ಲ. ಇಲ್ಲಿ ಇಂಗ್ಲಿಷ್ ಕೋರ್ಟು ಕಚೇರಿಯ, ಕೆಲಸದ ಭಾಷೆ. ಹೈಸ್ಕೂಲಿನ ಪತ್ರಿಕೆ ಮಾತ್ರ ಬಹುಪಾಲು ಪ್ಯಾಸೇಜು, ವ್ಯಾಕರಣ, ಪತ್ರಲೇಖನದ್ದು. 2012-13ರ ಸುಮಾರಿಗೆ ಸಿ.ಬಿ.ಎಸ್.ಇ. ಆಲಿಸುವಿಕೆ ಮತ್ತು ಮಾತಿಗೂ ಪರೀಕ್ಷೆ ತಂದಿತು. ಮುಂಬೈ, ಚೆನ್ನೈ, ದೆಹಲಿಗಳಲ್ಲಿ ಆಗ ಒಂಬತ್ತು, ಹತ್ತನೇ ತರಗತಿಯಲ್ಲಿದ್ದ ಅನೇಕರು, ಧ್ವನಿಮುದ್ರಣ ಕೇಳಿ ಹಾಳೆಯ ಮೇಲೆ ಗುರುತು ಹಾಕಿದವರು, ಅದನ್ನು ಮರೆತಿರಲಿಕ್ಕಿಲ್ಲ. ಕೆಲವು ವರ್ಷಗಳ ನಂತರ ಆ ಪ್ರತ್ಯೇಕ ಪರೀಕ್ಷೆ ನಿಂತು, ಶಾಲೆಯ ಆಂತರಿಕ ಅಂಕಗಳೊಳಗೆ ಸೇರಿಹೋಯಿತು. ಆಂತರಿಕ ಅಂಕ ಎಂದ ಮೇಲೆ ಹೆಚ್ಚಿನವರಿಗೆ ಪೂರ್ತಿ ಅಂಕವೇ.

ನೂರು ವರ್ಷದ ಈ ಚರಿತ್ರೆಯಲ್ಲಿ ಒಂದು ವಿಷಯ ಮತ್ತೆ ಮತ್ತೆ ಕಾಣುತ್ತದೆ. ಪರೀಕ್ಷೆಗೆ ಕೂರುವವರು ಮೂವರಿದ್ದಾಗ ಮಾತಾಡಿಸಿ ನೋಡಿದರು. ಐದು ಲಕ್ಷವಾದಾಗ ಎಲ್ಲರಿಗೂ ಒಂದೇ ದಿನ, ಒಂದೇ ರೀತಿ, ಯಂತ್ರ ತಿದ್ದುವಂತೆ ಯಾವುದನ್ನು ಕೇಳಬಹುದೋ ಅದನ್ನಷ್ಟೇ ಉಳಿಸಿಕೊಂಡರು. ಓದು ಮತ್ತು ಆಲಿಸುವಿಕೆ ಆ ಲೆಕ್ಕಕ್ಕೆ ಒದಗಿದವು. ಮಾತು, ಬರಹ ಒದಗಲಿಲ್ಲ. ಮಕ್ಕಳನ್ನು ಶ್ರೇಣಿಗೆ ಹಚ್ಚುವ ಒತ್ತಡ ಬಂದಾಗ, ಆಲಿಸುವಿಕೆಯನ್ನು ಕಠಿಣ ಮಾಡುವುದಕ್ಕಿಂತ ಓದಿನ ಪ್ಯಾರಾಗಳನ್ನು ಕಠಿಣ ಮಾಡುವುದು ಸುಲಭವಾಗಿ ಕಂಡಿತು.

ಕಾಂಟ್‌ನ ಪ್ಯಾರಾದಲ್ಲಿ ಬಿಟ್ಟುಹೋದ ಪದಗುಚ್ಛವನ್ನು ಹುಡುಕಿದ ಹದಿನೆಂಟರ ಹುಡುಗಿಗೆ ಇಂಗ್ಲಿಷ್ ಬರುತ್ತದೆಯೇ ಎಂಬುದಕ್ಕೆ 3.11 ಎಂಬ ಅಂಕಿ ಉತ್ತರ ಕೊಡುವುದಿಲ್ಲ. ಅವಳ ಮುಂದೆ ಎಷ್ಟು ಜನ, ಹಿಂದೆ ಎಷ್ಟು ಜನ ಎಂಬುದನ್ನು ಮಾತ್ರ ಹೇಳುತ್ತದೆ. ಅಷ್ಟನ್ನು ತಿಳಿಯಲು ಇಂಗ್ಲಿಷೇ ಬೇಕಿತ್ತೇ ಎಂಬ ಪ್ರಶ್ನೆಯನ್ನು ಕೊರಿಯಾದ ಪೋಷಕರೇ ಈಗ ಕೇಳುತ್ತಿದ್ದಾರೆ.