ಕೇಬಲ್ ಟೆಲಿವಿಷನ್ ಕಾನೂನಿನ ಆರಂಭ ಮತ್ತು ಸಮಾನ ವೀಕ್ಷಣಾವಕಾಶ

1991ರ ನಂತರ ಉಪಗ್ರಹ ವಾಹಿನಿಗಳು ಹರಡಿದಾಗ, ಮನೆಮನೆಗೆ ಕೇಬಲ್ ಎಳೆದು ಸಂಪರ್ಕ ನೀಡುತ್ತಿದ್ದ ಆಪರೇಟರುಗಳಿಗೆ ಪ್ರತ್ಯೇಕ ಕಾನೂನು ಇರಲಿಲ್ಲ. ಕೇಂದ್ರ ಸರ್ಕಾರವು 1994ರಲ್ಲಿ ಅಧ್ಯಾದೇಶವನ್ನು ಹೊರಡಿಸಿತು. ಅದರ ಸ್ಥಾನದಲ್ಲಿ ಕೇಬಲ್ ಟೆಲಿವಿಷನ್ ಜಾಲಗಳ (ನಿಯಂತ್ರಣ) ಅಧಿನಿಯಮ, 1995 ಜಾರಿಗೆ ಬಂದಿತು. ಆಪರೇಟರುಗಳು ಪ್ರಧಾನ ಅಂಚೆ ಕಚೇರಿಯಲ್ಲಿ ನೋಂದಾಯಿಸಿಕೊಳ್ಳುವುದು ಕಡ್ಡಾಯವಾಯಿತು.

ಅಧಿನಿಯಮದ 8ನೇ ಪ್ರಕರಣವು ದೂರದರ್ಶನದ ಕನಿಷ್ಠ ಎರಡು ವಾಹಿನಿಗಳ ಮರುಪ್ರಸಾರವನ್ನು ಕಡ್ಡಾಯಗೊಳಿಸಿತು. 2000ದ ತಿದ್ದುಪಡಿಯು ಇವುಗಳೊಂದಿಗೆ ರಾಜ್ಯದ ಒಂದು ಪ್ರಾದೇಶಿಕ ಭಾಷಾ ವಾಹಿನಿಯನ್ನು ಸೇರಿಸಿ, ಇವೆಲ್ಲವನ್ನೂ ಪ್ರೈಮ್ ಬ್ಯಾಂಡ್‌ನಲ್ಲಿ ನೀಡಬೇಕೆಂದು ವಿಧಿಸಿತು. ಕೆಲವೇ ವಾಹಿನಿಗಳನ್ನು ಹಿಡಿಯುತ್ತಿದ್ದ ಹಳೆಯ ಟಿ.ವಿ. ಇದ್ದ ಮನೆಗಳಿಗೂ ಸಾರ್ವಜನಿಕ ವಾಹಿನಿ ತಲುಪಲು ಇದು ನೆರವಾಯಿತು.

ಹಲವು ಭಾಷಿಕರು ಒಟ್ಟಿಗೆ ನೆಲೆಸಿರುವ ಕಮ್ಮನಹಳ್ಳಿಯಂತಹ ಬಡಾವಣೆಗಳಿಗೆ 1994ರ ನಿಯಮಗಳ ಕಾರ್ಯಕ್ರಮ ಸಂಹಿತೆಯೂ ಮಹತ್ವದ್ದಾಗಿದೆ. ಧರ್ಮ ಅಥವಾ ಸಮುದಾಯಗಳ ಮೇಲಿನ ದಾಳಿಯನ್ನೂ, ಭಾಷಿಕ ಮತ್ತು ಪ್ರಾದೇಶಿಕ ಗುಂಪುಗಳನ್ನು ಹೀಯಾಳಿಸುವ ಚಿತ್ರಣವನ್ನೂ ಸಂಹಿತೆಯು ನಿಷೇಧಿಸುತ್ತದೆ.

2011ರ ತಿದ್ದುಪಡಿಯನ್ವಯ ಕೇಬಲ್ ಜಾಲವನ್ನು ಡಿಜಿಟಲ್‌ಗೆ ಪರಿವರ್ತಿಸಲು ಬೆಂಗಳೂರಿಗೆ 2013ರ ಮಾರ್ಚ್ 31ರ ಗಡುವನ್ನು ನಿಗದಿಪಡಿಸಲಾಗಿತ್ತು. ಇದರಿಂದ ಸೆಟ್‌ಟಾಪ್ ಬಾಕ್ಸ್ ಅಗತ್ಯವಾಯಿತು. ಮಾಸಿಕ ಶುಲ್ಕ ಭರಿಸಲಾಗದ ಕುಟುಂಬಗಳು, 2004ರಲ್ಲಿ ಆರಂಭವಾದ ಪ್ರಸಾರ ಭಾರತಿಯ ಉಚಿತ ಡಿಶ್ ಸೇವೆಯಾದ ಡಿಡಿ ಫ್ರೀ ಡಿಶ್ ಅನ್ನು ಪಡೆಯಬಹುದು; ಆಂಟೆನಾ ಮತ್ತು ಬಾಕ್ಸ್‌ನ ವೆಚ್ಚ ಮಾತ್ರ ತಗಲುತ್ತದೆ.

ಸಾರ್ವಜನಿಕರ ಗಮನಕ್ಕೆ: 2025ರ ಜನವರಿಯಿಂದ ಸ್ಥಳೀಯ ಕೇಬಲ್ ಆಪರೇಟರುಗಳ ನೋಂದಣಿಯನ್ನು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ಆನ್‌ಲೈನ್ ಮೂಲಕ ನಿರ್ವಹಿಸುತ್ತಿದೆ. ಕಡ್ಡಾಯ ವಾಹಿನಿಗಳು ಲಭ್ಯವಾಗದಿದ್ದಲ್ಲಿ ಅಥವಾ ಸಂಹಿತೆಯ ಉಲ್ಲಂಘನೆ ಕಂಡುಬಂದಲ್ಲಿ, ಅಧಿಕೃತ ಅಧಿಕಾರಿಗಳಾದ ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿ ಅಥವಾ ಪೊಲೀಸ್ ಆಯುಕ್ತರಿಗೆ ಲಿಖಿತ ದೂರು ಸಲ್ಲಿಸಬಹುದಾಗಿದೆ.